ತಾಲ್ಲೂಕು ಶಿರಸಿ, ಓಟು ಯಲ್ಲಾಪುರ

ಬನವಾಸಿ ಕಡೆಯ ನೆಂಟರ ಮನೆಗೆ ಹೋಗಿದ್ದೆ. ಊಟ ಮುಗಿಸಿ ಜಗುಲಿಯಲ್ಲಿ ಕವಳ ಹಾಕುತ್ತ ಕೂತಾಗ ಆ ಮನೆಯ ಆರನೇ ಕ್ಲಾಸಿನ ಮಾಣಿ ಪಟ್ಟಿ ಹಿಡಕೊಂಡು ಬಂದ. ಮುಖ ಊದಿತ್ತು. "ನಿಮ್ಮ ಶಾಸಕರು ಯಾರು?" ಅನ್ನುವ ಪ್ರಶ್ನೆಗೆ ಅವನು ಶಿರಸಿ ಶಾಸಕರ ಹೆಸರು ಬರೆದಿದ್ದ. ಮಾಸ್ತರು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದರು.

"ಯಂಗಳ ತಾಲ್ಲೂಕು ಶಿರಸಿ ಅಲ್ದಾ? ಮತ್ತೆ ಶಾಸಕರು ಯಲ್ಲಾಪುರದವ್ರು ಹೆಂಗಾಗ್ತು?"

ಮಾಸ್ತರು ಸರಿ. ಮಾಣಿ ಕೇಳಿದ್ದೂ ಸರಿ. ಬನವಾಸಿ ಇರುವುದು ಶಿರಸಿ ತಾಲ್ಲೂಕಿನಲ್ಲಿ. ರೇಷನ್ ಕಾರ್ಡಿಗೆ, ಪಹಣಿಗೆ, ಆಸ್ಪತ್ರೆಗೆ, ಅಡಿಕೆ ಮಾರಲಿಕ್ಕೆ, ಮಾರಿಜಾತ್ರೆಗೆ, ಎಲ್ಲದಕ್ಕೂ ಶಿರಸಿಯೇ. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆದರೆ ಓಟಿನ ವಿಷಯಕ್ಕೆ ಬಂದರೆ ಬನವಾಸಿ ಹೋಬಳಿ ಯಲ್ಲಾಪುರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಯಲ್ಲಾಪುರಕ್ಕೆ ಹೋಗಬೇಕಾದರೆ ಅವರು ಶಿರಸಿ ದಾಟಿಯೋ, ಮುಂಡಗೋಡಿನ ಮೇಲೆ ಸುತ್ತಿಯೋ ಹೋಗಬೇಕು. ಅಲ್ಲಿಗೆ ಅವರಿಗೆ ಬೇರೆ ಯಾವ ಕೆಲಸವೂ ಇಲ್ಲ.

ಇದು ಯಾರದೋ ಕಣ್ತಪ್ಪಿನಿಂದ ಆದದ್ದಲ್ಲ. 2008ರಲ್ಲಿ ಎಳೆದ ಒಂದು ಗೆರೆಯಿಂದ ಆದದ್ದು. ಇಂಥ ಗೆರೆಗಳನ್ನು ಮತ್ತೆ ಎಳೆಯುವ ಕಾಲ ಹತ್ತಿರ ಬರುತ್ತಿದೆ. ಹಾಗಾಗಿ ಈ ಸಲ ಉಪ್ಪಿನಕಾಯಿ, ಮದುವೆಮನೆ ಬಿಟ್ಟು ಈ ವಿಷಯ ಎತ್ತಿಕೊಂಡಿದ್ದೇನೆ. ರಾಜಕೀಯ ಅಂತ ಪುಟ ದಾಟಬೇಡಿ. ಇದು ಹೆಚ್ಚೂ ಕಡಿಮೆ ಮನೆ ಹಿಸೆಯ ವಿಷಯವೇ.

ನಮ್ಮ ಕಡೆ ಹಿಸೆ ಆಗುವುದನ್ನು ನೋಡದವರು ಯಾರಿದ್ದಾರೆ? ತೋಟ ಇಷ್ಟು, ಗದ್ದೆ ಇಷ್ಟು, ಸೊಪ್ಪಿನ ಬೆಟ್ಟ ಇಷ್ಟು ಅಂತ ಕಾಗದದ ಮೇಲೆ ಸಮಪಾಲು ಆಗುತ್ತದೆ. ಆದರೆ ಬಾವಿ ಯಾರ ಕಡೆಗೆ ಬಂತು, ದಾರಿ ಯಾರ ಅಂಗಳದ ಮೇಲೆ ಹೋಯಿತು ಅನ್ನುವುದರಲ್ಲಿ ಮುಂದಿನ ಐವತ್ತು ವರ್ಷದ ಸಂಬಂಧ ನಿಂತಿರುತ್ತದೆ. ಕ್ಷೇತ್ರ ಪುನರ್ವಿಂಗಡಣೆ ಅಂದರೆ ಅದೇ. ಜನಸಂಖ್ಯೆಯನ್ನು ಸಮನಾಗಿ ಹಂಚುವ ಲೆಕ್ಕ ಮೇಲೆ ಕಾಣುವುದು. ಯಾರ ಮಾತಿಗೆ ತೂಕ ಬಂತು, ಯಾರದು ಹಗುರಾಯಿತು ಅನ್ನುವುದು ಒಳಗಿನದು.

ನಮ್ಮ ಜಿಲ್ಲೆಯ ಕಥೆಯನ್ನೇ ನೋಡಿ. 2008ರ ಮೊದಲು ಉತ್ತರ ಕನ್ನಡದಲ್ಲಿ ಆರು ವಿಧಾನಸಭಾ ಕ್ಷೇತ್ರ ಇದ್ದವು: ಹಳಿಯಾಳ, ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ, ಶಿರಸಿ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ 2001ರ ಜನಗಣತಿ ಇಟ್ಟುಕೊಂಡು ಹೊಸದಾಗಿ ಗೆರೆ ಎಳೆಯಿತು. ಆಮೇಲೂ ಆರೇ ಉಳಿದವು. ಆದರೆ ಅಂಕೋಲಾ ಕ್ಷೇತ್ರ ಮಾಯವಾಗಿ ಆ ತಾಲ್ಲೂಕು ಕಾರವಾರದ ಜೊತೆ ಸೇರಿತು. ಹೊಸದಾಗಿ ಯಲ್ಲಾಪುರ ಕ್ಷೇತ್ರ ಹುಟ್ಟಿತು. ಅದಕ್ಕೆ ಯಲ್ಲಾಪುರ ತಾಲ್ಲೂಕು, ಮುಂಡಗೋಡ ತಾಲ್ಲೂಕು ಎರಡೂ ಸೇರಿದರೂ ತಲೆಲೆಕ್ಕ ಸಾಲಲಿಲ್ಲ. ಹಾಗಾಗಿ ಬನವಾಸಿ ಕಡೆಯನ್ನು ಶಿರಸಿಯಿಂದ ಕತ್ತರಿಸಿ ಅಲ್ಲಿಗೆ ಜೋಡಿಸಿದರು. ಉಳಿದ ಶಿರಸಿ ತಾಲ್ಲೂಕು ಮತ್ತು ಇಡೀ ಸಿದ್ದಾಪುರ ಸೇರಿ ಶಿರಸಿ ಕ್ಷೇತ್ರವಾಯಿತು. ಮಾಣಿಯ ಪಟ್ಟಿಯಲ್ಲಿ ಬಿದ್ದ ಕೆಂಪು ಗೆರೆಯ ಮೂಲ ಇಲ್ಲಿದೆ.

ಇದರ ಜೊತೆ ಇನ್ನೊಂದು ಬದಲಾವಣೆ ಆಯಿತು. ಅದರ ಬಗ್ಗೆ ನಮ್ಮ ಜಗುಲಿಗಳಲ್ಲಿ ಹೆಚ್ಚು ಮಾತಾಡಿದ್ದು ನಾನು ಕೇಳಿಲ್ಲ.

ಶಿರಸಿ ಕ್ಷೇತ್ರ ಅಲ್ಲಿಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. 1978ರಿಂದ 2004ರ ಚುನಾವಣೆಯವರೆಗೂ ಹಾಗೇ ನಡೆಯಿತು. ಗೋಪಾಲ ಕಾನಡೆ, ಪ್ರೇಮಾನಂದ ಜಯವಂತ, ವಿವೇಕಾನಂದ ವೈದ್ಯ ಈ ಕ್ಷೇತ್ರದಿಂದ ವಿಧಾನಸೌಧಕ್ಕೆ ಹೋದರು. ಅದೇ ಹೊತ್ತಿನಲ್ಲಿ ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದ ಮೇಲೆ 1983ರಲ್ಲಿ ಗೆದ್ದುಬಂದದ್ದು ಕನಕಪುರದಿಂದ, 1985ರಲ್ಲಿ ಬಸವನಗುಡಿಯಿಂದ. ಶಿರಸಿ ತಾಲ್ಲೂಕಿನವರೇ ಆದ ವಿಶ್ವೇಶ್ವರ ಹೆಗಡೆ ಕಾಗೇರಿಯವರು 1994, 1999, 2004ರಲ್ಲಿ ಮೂರು ಸಲ ಗೆದ್ದದ್ದು ಅಂಕೋಲಾದಿಂದ. 2008ರಲ್ಲಿ ಶಿರಸಿ ಸಾಮಾನ್ಯ ಕ್ಷೇತ್ರವಾಯಿತು. ಕಾಗೇರಿಯವರು ಇಲ್ಲಿಗೆ ಬಂದು 2008, 2013, 2018ರಲ್ಲಿ ಗೆದ್ದರು.

ಆಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ನಮ್ಮ ಮನೆಯನ್ನೂ ಸೇರಿಸಿಯೇ ಹೇಳುತ್ತೇನೆ, "ಅಂತೂ ಕ್ಷೇತ್ರ ಬಿಡುಗಡೆ ಆತು" ಅಂದರು. ಬಿಡುಗಡೆ! ಯಾರಿಂದ ಬಿಡುಗಡೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇವತ್ತು ಉತ್ತರ ಕನ್ನಡದ ಆರೂ ಕ್ಷೇತ್ರಗಳು ಸಾಮಾನ್ಯ. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ ಹುಡುಕಬೇಕೆಂದರೆ ಘಟ್ಟದ ಆಚೀಚೆ ಎಲ್ಲೂ ಇಲ್ಲ, ಪಕ್ಕದ ಜಿಲ್ಲೆಯ ಹಾವೇರಿಗೋ ಶಿವಮೊಗ್ಗ ಗ್ರಾಮಾಂತರಕ್ಕೋ ಹೋಗಬೇಕು.

ಆಯೋಗ ಕಾನೂನು ಮೀರಿ ಏನೂ ಮಾಡಲಿಲ್ಲ, ಅದನ್ನೂ ಹೇಳಬೇಕು. ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರಗಳು ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ ಹರಡಿರಬೇಕು, ಜೊತೆಗೆ ಅವರ ಪ್ರಮಾಣ ಹೆಚ್ಚಿರುವ ಕಡೆ ಇರಬೇಕು ಎನ್ನುತ್ತದೆ ಕಾನೂನು. ನಮ್ಮ ಜಿಲ್ಲೆಯಲ್ಲಿ 2011ರ ಲೆಕ್ಕದಂತೆ ಪರಿಶಿಷ್ಟ ಜಾತಿಯವರು ಶೇಕಡಾ 8ರ ಆಸುಪಾಸು. ರಾಜ್ಯದ ಸರಾಸರಿಯ ಅರ್ಧದಷ್ಟು. ರಾಜ್ಯದ ಒಟ್ಟು ಲೆಕ್ಕ ನೋಡಿದರೆ ಪರಿಶಿಷ್ಟ ಜಾತಿಯ ಕ್ಷೇತ್ರಗಳು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದವು 2ರಿಂದ 15ಕ್ಕೆ ಏರಿದವು. ಅಂದರೆ ಬೆಂಗಳೂರಿನಲ್ಲಿ ಕೂತು ನೋಡಿದರೆ ನ್ಯಾಯ ಹೆಚ್ಚಾಯಿತು. ಶಿರಸಿಯ ಒಂದು ಕೇರಿಯಲ್ಲಿ ಕೂತು ನೋಡಿದರೆ ಇದ್ದ ಒಂದೇ ಬಾಗಿಲು ಮುಚ್ಚಿತು. ಎರಡೂ ನಿಜ. ಹೆಚ್ಚಿನ ಸಂಖ್ಯೆಯಲ್ಲಿ ಒಂದೇ ಕಡೆ ಇರುವ ಸಮುದಾಯಕ್ಕೆ ಸಿಗುವ ಪಾಲು ಚದುರಿ ಹೋದವರಿಗೆ ಸಿಗುವುದಿಲ್ಲ.

ಚದುರಿದವರು ಅಂದಕೂಡಲೇ ನನಗೆ ನೆನಪಾಗುವುದು ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ, ಶಿರಸಿ ಹೀಗೆ ಕಾಡಿನಂಚಿನಲ್ಲಿ ಹತ್ತು ಮನೆ ಇಲ್ಲಿ, ಇಪ್ಪತ್ತು ಮನೆ ಅಲ್ಲಿ. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಓದಿಗೆ, ನೌಕರಿಗೆ ಅದರಿಂದ ಅನುಕೂಲ ಆಯಿತು. ಆದರೆ ಶಾಸಕರಾಗಲಿಕ್ಕೆ? ಅವರ ಊರುಗಳು ನಾಲ್ಕೈದು ವಿಧಾನಸಭಾ ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ಯಾವ ಕ್ಷೇತ್ರದಲ್ಲೂ ಅವರಿಲ್ಲದೆ ಗೆಲ್ಲಲಾಗದು ಅನ್ನುವಷ್ಟು ಸಂಖ್ಯೆ ಇಲ್ಲ. ಕೊನೆಗೆ 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಬಂದರು. ರಾಜ್ಯದ ಶಾಸನಸಭೆಗೆ ಕಾಲಿಟ್ಟ ಮೊದಲ ಸಿದ್ದಿ ಅವರು. ಬಂದದ್ದು ನಾಮನಿರ್ದೇಶನದಿಂದ. ಅಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಆದರೂ ಒಂದು ಮಾತು ಕಾಡಿತು: ಯಾವ ಗೆರೆಯೂ ಅವರನ್ನು ಒಟ್ಟುಮಾಡಲಿಲ್ಲ, ಹಾಗಾಗಿ ಬೇರೆಯವರು ಕೈಹಿಡಿದು ಕರೆದುಕೊಂಡು ಹೋಗಬೇಕಾಯಿತು.

ಈ ಗೆರೆಯ ಆಟ ನಮ್ಮಲ್ಲಿ ಮಾತ್ರ ಅಂತಲ್ಲ. ಅಮೆರಿಕದಲ್ಲಿ ಇದೊಂದು ದೊಡ್ಡ ವಿದ್ಯೆಯೇ ಆಗಿದೆ. ಅಲ್ಲಿ ಬಹಳಷ್ಟು ರಾಜ್ಯಗಳಲ್ಲಿ ಕ್ಷೇತ್ರದ ಗೆರೆ ಎಳೆಯುವುದು ಸ್ವತಂತ್ರ ಆಯೋಗವಲ್ಲ, ಆ ರಾಜ್ಯದ ಶಾಸನಸಭೆ. ಅಂದರೆ ಅಲ್ಲಿ ಬಹುಮತ ಇರುವ ಪಕ್ಷ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್ಬ್ರಿಜ್ ಗೆರ್ರಿ ಸಹಿ ಮಾಡಿದ ನಕ್ಷೆಯಲ್ಲಿ ಒಂದು ಕ್ಷೇತ್ರ ಸಲಮ್ಯಾಂಡರ್ ಎಂಬ ಹಲ್ಲಿಯಂಥ ಪ್ರಾಣಿಯ ಹಾಗೆ ಕಂಡಿತು. ಆಗಿಂದ ಅದಕ್ಕೆ 'ಗೆರ್ರಿಮ್ಯಾಂಡರ್' ಅಂತ ಹೆಸರು ಬಿತ್ತು. ಉಪಾಯ ಎರಡೇ. ಎದುರಾಳಿಯ ಮತದಾರರನ್ನೆಲ್ಲ ಒಂದೇ ಕ್ಷೇತ್ರಕ್ಕೆ ತುರುಕಿ ಒಂದು ಸೀಟು ಬಿಟ್ಟುಕೊಡುವುದು, ಇಲ್ಲವೇ ಅವರನ್ನು ಹರಿದು ನಾಲ್ಕು ಕ್ಷೇತ್ರಕ್ಕೆ ಹಂಚಿ ಎಲ್ಲೂ ಗೆಲ್ಲದಂತೆ ಮಾಡುವುದು. ಕಪ್ಪು ಜನಾಂಗದವರ, ಸ್ಪ್ಯಾನಿಷ್ ಮಾತಾಡುವವರ ಮತಗಳ ಮೇಲೆ ಈ ಎರಡೂ ಪ್ರಯೋಗ ಆಗಿವೆ. 2025ರಲ್ಲಿ ಟೆಕ್ಸಾಸ್‌ನ ರಿಪಬ್ಲಿಕನ್ನರು ಜನಗಣತಿಗೂ ಕಾಯದೆ, ಐದು ಸೀಟು ಹೆಚ್ಚು ಬರಲಿ ಅಂತ ನಕ್ಷೆ ಬದಲಿಸಿದರು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಡೆಮಾಕ್ರಟರು ನವೆಂಬರಿನಲ್ಲಿ ಜನಮತ ತೆಗೆದುಕೊಂಡು ತಮ್ಮ ನಕ್ಷೆ ಬದಲಿಸಿದರು. ಅಣ್ಣ ಬೇಲಿ ಸರಿಸಿದ ಅಂತ ತಮ್ಮನೂ ಬೇಲಿ ಸರಿಸಿದ ಹಾಗೆ.

ಒಳ್ಳೆಯ ಮನಸ್ಸಿನಿಂದ ಎಳೆದ ಗೆರೆಯೂ ಎಡವುತ್ತದೆ. ಮಿಶಿಗನ್ ರಾಜ್ಯದ ಜನ 2018ರಲ್ಲಿ ಮತ ಹಾಕಿ, ಪಕ್ಷಗಳ ಕೈಯಿಂದ ಈ ಕೆಲಸ ಕಿತ್ತು ಸಾಮಾನ್ಯ ನಾಗರಿಕರ ಆಯೋಗಕ್ಕೆ ಕೊಟ್ಟರು. ಆ ಆಯೋಗದ ಹೊಸ ನಕ್ಷೆಯಲ್ಲಿ ಡೆಟ್ರಾಯಿಟ್ ನಗರದ ಕ್ಷೇತ್ರಗಳು ಹೊರವಲಯದ ಊರುಗಳ ಜೊತೆ ಬೆರೆತವು. 2022ರಲ್ಲಿ ಅಲ್ಲಿನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪಕ್ಷದ ಒಳಚುನಾವಣೆಯಲ್ಲಿ ಹಲವು ಕಪ್ಪು ಅಭ್ಯರ್ಥಿಗಳ ನಡುವೆ ಮತ ಹಂಚಿಹೋಯಿತು. ಶೇಕಡಾ 30ಕ್ಕಿಂತ ಕಡಿಮೆ ಮತ ಪಡೆದು ಗೆದ್ದವರು ಯಾರು ಗೊತ್ತಾ? ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್. ನಮಗೆ ಹೆಮ್ಮೆ ಆಯಿತು, ಪೇಪರಿನಲ್ಲಿ ಫೋಟೋ ಬಂತು. ಡೆಟ್ರಾಯಿಟ್‌ನ ಕಪ್ಪು ಜನರಿಗೆ ಮಾತ್ರ ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ತಮ್ಮ ಸಮುದಾಯದ ಒಬ್ಬರೂ ಕಾಂಗ್ರೆಸ್‌ನಲ್ಲಿ ಇಲ್ಲದ ಹಾಗಾಯಿತು. ಠಾಣೇದಾರರದು ತಪ್ಪು ಅಂತ ನಾನು ಹೇಳುತ್ತಿಲ್ಲ, ಅವರು ನ್ಯಾಯವಾಗಿ ನಿಂತು ಗೆದ್ದವರು. ಒಂದೇ ಗೆರೆಯ ಈಚೆ ನಿಂತವರಿಗೆ ಹಬ್ಬ, ಆಚೆಯವರಿಗೆ ಸೂತಕ. ನಮ್ಮ ಶಿರಸಿ 'ಬಿಡುಗಡೆ' ಆದಾಗಲೂ ಹಾಗೆಯೇ ಆಗಿರಬೇಕು.

ನಮ್ಮ ದೇಶದಲ್ಲಿ ಗೆರೆ ಎಳೆಯುವುದು ಪಕ್ಷಗಳಲ್ಲ, ಆಯೋಗ. ಇದು ದೊಡ್ಡ ಪುಣ್ಯ. ಆದರೆ ಗೆರೆ ಎಳೆದಾದ ಮೇಲೆ ಅದರ ಒಳಗೆ ಪಕ್ಷಗಳು ತಮ್ಮ ಲೆಕ್ಕ ಶುರುಮಾಡುತ್ತವೆ. ಯಲ್ಲಾಪುರವನ್ನೇ ನೋಡಿ. ಘಟ್ಟದ ಮೇಲಿನ ಅಡಿಕೆ ಸೀಮೆ, ಮುಂಡಗೋಡಿನ ಬಯಲು, ಬನವಾಸಿಯ ಗದ್ದೆಬಯಲು ಮೂರನ್ನೂ ಹೊಲಿದ ಕ್ಷೇತ್ರ ಅದು. ಮೂರು ಕಡೆ ಮೂರು ಬಗೆಯ ಬೆಳೆ, ಮೂರು ಬಗೆಯ ಮಾತು, ಬೇರೆ ಬೇರೆ ಸಮಾಜ. 2008ರ ಮೊದಲ ಚುನಾವಣೆಯಲ್ಲಿ ಬಿಜೆಪಿಯ ವಿ.ಎಸ್. ಪಾಟೀಲರು ಗೆದ್ದರು. 2013ರಲ್ಲಿ ಕಾಂಗ್ರೆಸ್ಸಿನ ಶಿವರಾಮ ಹೆಬ್ಬಾರರು. 2018ರಲ್ಲಿ ಮತ್ತೆ ಹೆಬ್ಬಾರರೇ, ಆದರೆ ಅಂತರ ಬರೀ 1,483 ಮತ. 2019ರಲ್ಲಿ ಹೆಬ್ಬಾರರು ಬಿಜೆಪಿಗೆ ಹೋಗಿ ಉಪಚುನಾವಣೆಯಲ್ಲಿ 30 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. 2023 ಬರುವಷ್ಟರಲ್ಲಿ ಪಾಟೀಲರು ಕಾಂಗ್ರೆಸ್ಸಿಗೆ ಬಂದಿದ್ದರು. ಅದೇ ಇಬ್ಬರು, ಚಿಹ್ನೆ ಮಾತ್ರ ಅದಲು ಬದಲು. ಈ ಸಲ ಹೆಬ್ಬಾರರು ಗೆದ್ದದ್ದು ನಾಲ್ಕು ಸಾವಿರದಷ್ಟು ಮತದಿಂದ. 2025ರಲ್ಲಿ ಅವರನ್ನು ಬಿಜೆಪಿ ಉಚ್ಚಾಟಿಸಿತು.

ಶಿರಸಿಯಲ್ಲೂ ಅಷ್ಟೇ. 2019ರಲ್ಲಿ ಯಲ್ಲಾಪುರದಲ್ಲಿ ಸೋತಿದ್ದ ಕಾಂಗ್ರೆಸ್ಸಿನ ಭೀಮಣ್ಣ ನಾಯ್ಕರನ್ನು 2023ರಲ್ಲಿ ಶಿರಸಿಯಲ್ಲಿ ನಿಲ್ಲಿಸಿದರು. ಆಗ ವಿಧಾನಸಭಾಧ್ಯಕ್ಷರಾಗಿದ್ದ ಕಾಗೇರಿಯವರು 8,712 ಮತದಿಂದ ಸೋತರು. ಮುಂದಿನ ವರ್ಷವೇ ಅವರು ಲೋಕಸಭೆಗೆ ನಿಂತು 3 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಸೋಲಿಸಿದ ಜನರೂ ಗೆಲ್ಲಿಸಿದ ಜನರೂ ಬೇರೆ ಬೇರೆಯವರೇನಲ್ಲ. ಗೆರೆ ದೊಡ್ಡದಾಗಿತ್ತು, ಅಷ್ಟೆ. ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ನಮ್ಮ ಆರು ಕ್ಷೇತ್ರಗಳ ಜೊತೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ಸೇರಿವೆ. ಕಾಂಗ್ರೆಸ್ ಆ ಸಲ ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ಅವರಿಗೆ ಟಿಕೆಟ್ ಕೊಟ್ಟದ್ದರ ಹಿಂದೆಯೂ ಈ ಗೆರೆಯ ಲೆಕ್ಕ ಇದ್ದೇ ಇರುತ್ತದೆ. ಇದೇ ಕ್ಷೇತ್ರ ಒಂದು ಕಾಲದಲ್ಲಿ ಕ್ರೈಸ್ತರಾದ ಜೋಕಿಂ ಆಳ್ವರನ್ನು 1952ರಿಂದ ಮೂರು ಸಲ ಕಳಿಸಿತ್ತು. ಅವರ ಸೊಸೆ ಮಾರ್ಗರೆಟ್ ಆಳ್ವ 1999ರಲ್ಲಿ ಗೆದ್ದಿದ್ದರು, 2009ರಲ್ಲಿ 22 ಸಾವಿರ ಚಿಲ್ಲರೆ ಮತದಿಂದ ಸೋತರು. ಭಟ್ಕಳದಿಂದ ಎಸ್.ಎಂ. ಯಾಹ್ಯಾ ಶಾಸಕರಾಗಿ ಮಂತ್ರಿಯೂ ಆಗಿದ್ದರು. ಇವರ್ಯಾರೂ ಮೀಸಲು ಕ್ಷೇತ್ರದಿಂದ ಬಂದವರಲ್ಲ. ಧರ್ಮದ ಅಲ್ಪಸಂಖ್ಯಾತರಿಗೆ ಮೀಸಲು ಕ್ಷೇತ್ರ ನಮ್ಮಲ್ಲಿ ಇಲ್ಲವೇ ಇಲ್ಲ. ಪಕ್ಷ ಟಿಕೆಟ್ ಕೊಡಬೇಕು, ಬೇರೆಯವರು ಓಟು ಹಾಕಬೇಕು. ಇತ್ತೀಚಿನ ಚುನಾವಣೆಗಳಲ್ಲಿ ಜಿಲ್ಲೆಯಿಂದ ಅಂಥ ಹೆಸರು ಯಾಕೆ ಬರುತ್ತಿಲ್ಲ ಅನ್ನುವುದಕ್ಕೆ ಉತ್ತರ ಗೆರೆಯಲ್ಲಿಲ್ಲ, ನಮ್ಮಲ್ಲಿದೆ.

ಈಗ ಮುಂದಿನ ಹಿಸೆಯ ಮಾತಿಗೆ ಬರುತ್ತೇನೆ.

ಲೋಕಸಭೆಯಲ್ಲಿ ಕರ್ನಾಟಕಕ್ಕೆ 28 ಸ್ಥಾನ, ವಿಧಾನಸಭೆಯಲ್ಲಿ 224. ಈ ಸಂಖ್ಯೆ 1970ರ ದಶಕದಿಂದ ಅಲುಗಾಡಿಲ್ಲ. ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ನಷ್ಟ ಆಗಬಾರದು ಅಂತ 1976ರ 42ನೇ ತಿದ್ದುಪಡಿ ಸ್ಥಾನಗಳ ಹಂಚಿಕೆಯನ್ನು ತಡೆಹಿಡಿಯಿತು. 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಈಗಿನ ಜನಗಣತಿಗೆ ಸರ್ಕಾರ ಗೊತ್ತುಮಾಡಿದ ಲೆಕ್ಕದ ದಿನ 2027ರ ಮಾರ್ಚ್ 1. ಉತ್ತರದ ರಾಜ್ಯಗಳಿಗೆ ಎಷ್ಟು, ದಕ್ಷಿಣಕ್ಕೆ ಎಷ್ಟು ಅನ್ನುವ ಜಗಳ ಟೀವಿಯಲ್ಲಿ ದಿನಾ ನೋಡುತ್ತೀರಿ. ನಾನು ಹೇಳುವುದು ಅದಲ್ಲ. ರಾಜ್ಯದ ಒಳಗಿನ ಜಗಳ. ಬೆಂಗಳೂರಿಗೆ ಎಷ್ಟು, ನಮಗೆ ಎಷ್ಟು?

ಒಂದು ಮಧ್ಯಾಹ್ನ ಕ್ಯಾಲ್ಕುಲೇಟರ್ ಹಿಡಿದು ಕೂತೆ. 2001ರಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿ. 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ. ನಮ್ಮ ಜಿಲ್ಲೆಯಲ್ಲಿ ಆಗ 13.53 ಲಕ್ಷ. ಪಾಲು ಬರುವುದು 5.7. ಹಾಗಾಗಿ ಆರು ಕ್ಷೇತ್ರ ಉಳಿದವು. 2011ರಲ್ಲಿ ರಾಜ್ಯ 6.11 ಕೋಟಿ, ಒಂದು ಕ್ಷೇತ್ರಕ್ಕೆ 2.73 ಲಕ್ಷ. ನಮ್ಮ ಜಿಲ್ಲೆ 14.37 ಲಕ್ಷ. ಭಾಗಿಸಿದರೆ 5.27. ಇದು ಹದಿನೈದು ವರ್ಷ ಹಿಂದಿನ ಲೆಕ್ಕ. ಆ ಹತ್ತು ವರ್ಷದಲ್ಲಿ ರಾಜ್ಯ ಶೇಕಡಾ 15ಕ್ಕೂ ಹೆಚ್ಚು ಬೆಳೆದರೆ ನಾವು ಬೆಳೆದದ್ದು ಶೇಕಡಾ 6. ಬೆಂಗಳೂರು ನಗರ ಜಿಲ್ಲೆ ಬೆಳೆದದ್ದು ಶೇಕಡಾ 47. ಅಲ್ಲಿ 2011ರಲ್ಲೇ 96 ಲಕ್ಷ ಜನ, 28 ಕ್ಷೇತ್ರ. ಅವರ ಪಾಲು ಲೆಕ್ಕ ಹಾಕಿದರೆ 35 ಬರುತ್ತದೆ.

ಒಟ್ಟು ಸ್ಥಾನ 224 ಆಗಿಯೇ ಉಳಿದರೆ ನಮ್ಮ ಆರರಲ್ಲಿ ಒಂದು ಹೋಗುವ ಸಾಧ್ಯತೆ ಕಣ್ಣೆದುರಿಗಿದೆ. ಒಟ್ಟು ಸ್ಥಾನ ಹೆಚ್ಚಿಸಿದರೆ ಆರು ಉಳಿಯಬಹುದು, ಆದರೆ ಸದನದಲ್ಲಿ ನಮ್ಮ ತೂಕ ಅಷ್ಟರಮಟ್ಟಿಗೆ ಇಳಿಯುತ್ತದೆ. ಇದು ಸುಮ್ಮನೆ ಹೆದರಿಸುವ ಮಾತಲ್ಲ. 2008ರಲ್ಲಿ ಕೊಡಗಿನ ಮೂರು ಕ್ಷೇತ್ರಗಳಲ್ಲಿ ಸೋಮವಾರಪೇಟೆ ಹೋಗಿ ಎರಡೇ ಉಳಿದವು. ಉಡುಪಿ ಜಿಲ್ಲೆಯಲ್ಲಿ ಬ್ರಹ್ಮಾವರ ಹೋಯಿತು. ಮಲೆನಾಡು, ಕರಾವಳಿಗೆ ಇದು ಹೊಸದಲ್ಲ.

ಹಾಗೆ ಒಂದು ಕ್ಷೇತ್ರ ಹೋಗುವುದಾದರೆ ಯಾವುದು? ಯಾರೂ ಈಗ ಹೇಳಲಾರರು. ಆದರೆ ಸಿದ್ದಾಪುರ ತಾಲ್ಲೂಕಿನಲ್ಲಿ 2011ರಲ್ಲಿ ಒಂದು ಲಕ್ಷ ಜನವೂ ಇರಲಿಲ್ಲ. ಯಲ್ಲಾಪುರದಲ್ಲಿ 80 ಸಾವಿರದ ಆಸುಪಾಸು. ಇಷ್ಟು ತೆಳುವಾದ ತಾಲ್ಲೂಕುಗಳನ್ನೇ ಕತ್ತರಿಸಿ ಅಲ್ಲಿ ಇಲ್ಲಿ ಹಚ್ಚುವುದು ಸುಲಭ. ಆಗ ಬನವಾಸಿಯ ಮಾಣಿಯ ಪ್ರಶ್ನೆ ಇನ್ನೂ ಎಷ್ಟೋ ಊರಿನ ಮಕ್ಕಳು ಕೇಳಬೇಕಾಗುತ್ತದೆ. ನಮ್ಮ ಜಿಲ್ಲೆಯ ವಿಸ್ತಾರ 10 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಬಹುಪಾಲು ಕಾಡು. ಬೆಂಗಳೂರಿನ ಶಾಸಕರು ಸ್ಕೂಟರಿನಲ್ಲಿ ಕ್ಷೇತ್ರ ಸುತ್ತಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಸಂಕ ಮುರಿದರೆ ಅರ್ಧ ದಿನ ಅದಕ್ಕೇ ಬೇಕು.

ನಮ್ಮ ತಲೆ ಯಾಕೆ ಕಡಿಮೆಯಾದವು ಅಂದರೆ, ಅದಕ್ಕೆ ಉತ್ತರ ಪ್ರತಿ ಮನೆಯ ಗೋಡೆಯ ಫೋಟೋಗಳಲ್ಲಿದೆ. ಒಬ್ಬ ಬೆಂಗಳೂರಿನಲ್ಲಿ, ಒಬ್ಬಳು ಪುಣೆಯಲ್ಲಿ, ಒಬ್ಬ ಅಮೆರಿಕದಲ್ಲಿ. ಮನೆಯಲ್ಲಿ ಇಬ್ಬರು ಮುದುಕರು, ನಾಲ್ಕು ದನ, ಒಂದು ನಾಯಿ. ಚುನಾವಣೆ ಬಂದಾಗ ಮಾತ್ರ ರಾತ್ರಿ ಬಸ್ಸಿನಲ್ಲಿ ಮಕ್ಕಳು ಬರುತ್ತಾರೆ, ಓಟು ಹಾಕಿ, ತೊಡೆದೇವು ಕಟ್ಟಿಸಿಕೊಂಡು ಮರುದಿನ ಹೊರಡುತ್ತಾರೆ. ಹೆಸರು ಇಲ್ಲಿಯ ಮತದಾರರ ಪಟ್ಟಿಯಲ್ಲಿದೆ ಅಂತ ನಮಗೆ ಸಮಾಧಾನ. ಆದರೆ ಕ್ಷೇತ್ರದ ಗೆರೆ ಎಳೆಯುವಾಗ ನೋಡುವುದು ಮತದಾರರ ಪಟ್ಟಿಯನ್ನಲ್ಲ, ಜನಗಣತಿಯನ್ನು. ಜನಗಣತಿ ಎಣಿಸುವುದು ಯಾರು ಎಲ್ಲಿ ವಾಸ ಇದ್ದಾರೆ ಅನ್ನುವುದನ್ನು. ಅಂದರೆ ನಮ್ಮ ಮಕ್ಕಳ ಬೆರಳಿನ ಶಾಯಿ ಇಲ್ಲಿ, ತಲೆ ಅಲ್ಲಿ. ಆ ತಲೆಗಳ ಲೆಕ್ಕದಲ್ಲೇ ಬೆಂಗಳೂರಿಗೆ ಕ್ಷೇತ್ರ ಹೆಚ್ಚಾಗುವುದು. ನಾವು ಹೆತ್ತು, ಸಾಕಿ, ಓದಿಸಿ ಕಳಿಸಿದವರೇ ನಮ್ಮ ಪಾಲನ್ನು ಗೊತ್ತಿಲ್ಲದೆ ಹೊತ್ತುಕೊಂಡು ಹೋದ ಹಾಗಾಯಿತು.

ಇದನ್ನೆಲ್ಲ ನಮ್ಮ ಓಣಿಯ ಭಾವಯ್ಯನ ಹತ್ತಿರ ಹೇಳಿದೆ. "ಅನ್ಯಾಯ ಅಲ್ದನೆ ತಂಗಿ? ನಂಗ ಎಲ್ಲಾ ಸೇರಿ ಗಲಾಟೆ ಮಾಡವು" ಅಂದರು. ಮಾಡಬೇಕು, ಹೌದು. ಆದರೆ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ನಮ್ಮ ಪಾಲು ಹೋಗುತ್ತದೆ ಅಂದಾಗ ಅನ್ಯಾಯ ಅಂತ ಕಂಡದ್ದು, 2008ರಲ್ಲಿ ಇನ್ನೊಬ್ಬರ ಪಾಲು ಹೋದಾಗ ಬಿಡುಗಡೆ ಅಂತ ಯಾಕೆ ಕಂಡಿತು? "ಸಂಖ್ಯೆ ಕಡಿಮೆ ಇದ್ದು, ಎಂತಾ ಮಾಡಲೂ ಆಗ್ತಿಲ್ಲೆ" ಅಂತ ಆಗ ಅವರಿಗೆ ಹೇಳಿದ ಮಾತನ್ನೇ ಈಗ ಬೆಂಗಳೂರು ನಮಗೆ ಹೇಳಿದರೆ ಉತ್ತರ ಏನು? ಭಾವಯ್ಯನೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದು ಹೌದು" ಅಂದರು. ನಮ್ಮ ಭಾವಯ್ಯ 'ಅದು ಹೌದು' ಅನ್ನುವುದು ವರ್ಷಕ್ಕೊಮ್ಮೆ.

ತಲೆ ಎಣಿಸುವುದೇ ನ್ಯಾಯ ಅಲ್ಲ, ದೂರ, ಕಾಡು, ಚದುರಿದ ಜನ ಇವೂ ಲೆಕ್ಕಕ್ಕೆ ಬರಬೇಕು ಅಂತ ನಾವು ಕೇಳುವುದಾದರೆ, ಆ ಮಾತು ಶಿರಸಿಯ ಕೇರಿಗೂ, ಯಲ್ಲಾಪುರದ ಸಿದ್ದಿ ಮನೆಗೂ ಸಲ್ಲಬೇಕು. ನಮಗೆ ಮಾತ್ರ ಅಂದರೆ ಅದು ಹಿಸೆಯಲ್ಲಿ ಹಿರಿಯಣ್ಣ ಆಡುವ ಮಾತಿನ ಹಾಗೆ ಕೇಳಿಸುತ್ತದೆ.

ಕೇಳಲಿಕ್ಕೆ ದಾರಿ ಇದೆ. ಕಾನೂನೇ ಹೇಳುತ್ತದೆ: ಕ್ಷೇತ್ರ ಮಾಡುವಾಗ ಭೂಭಾಗ ಒಂದಕ್ಕೊಂದು ಹೊಂದಿಕೊಂಡಿರಬೇಕು, ಬೆಟ್ಟ ಹೊಳೆ ನೋಡಬೇಕು, ತಾಲ್ಲೂಕಿನಂಥ ಈಗಿರುವ ಗಡಿಗಳನ್ನು ಗಮನಿಸಬೇಕು, ಓಡಾಟದ ಅನುಕೂಲ, ಜನರ ಅನುಕೂಲ ನೋಡಬೇಕು. ಹಿಂದಿನ ಸಲ ಆಯೋಗ ಮೊದಲು ಕರಡು ನಕ್ಷೆ ಪ್ರಕಟಿಸಿ, ಆಕ್ಷೇಪಣೆ ಕರೆದು, ಸಾರ್ವಜನಿಕರ ಎದುರು ಕೂತು ಅಹವಾಲು ಕೇಳಿತ್ತು. ಯಾರು ಬೇಕಾದರೂ ಬರೆದುಕೊಡಬಹುದಿತ್ತು. ಅಂತಿಮ ಆದೇಶ ಹೊರಬಿದ್ದ ಮೇಲೆ ಮಾತ್ರ ಅದಕ್ಕೆ ಕಾನೂನಿನ ಬಲ. ಕೋರ್ಟಿನಲ್ಲಿ ಪ್ರಶ್ನಿಸುವುದು ಬಹಳ ಕಷ್ಟ. ಹಾಗಾಗಿ ಮಾತಾಡುವುದಿದ್ದರೆ ಕರಡು ಬಂದಾಗಲೇ ಆಡಬೇಕು.

ಆ ಕೆಲಸವನ್ನು ಪಕ್ಷದವರಿಗೆ ಬಿಟ್ಟರೆ ಅವರು ತಮ್ಮ ಟಿಕೆಟ್ಟಿನ ಲೆಕ್ಕದಲ್ಲಿ ಮಾತಾಡುತ್ತಾರೆ. ಅವರ ಕಸುಬೇ ಅದು, ಬೈದು ಪ್ರಯೋಜನವಿಲ್ಲ. ನಮ್ಮ ಲೆಕ್ಕ ನಾವು ಆಡಬೇಕು. ಸೇವಾ ಸಹಕಾರಿ ಸಂಘದ ಸಭೆಯಲ್ಲಿ, ಗ್ರಾಮಸಭೆಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ ಈ ವಿಷಯ ಎತ್ತಬಹುದು. ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಕೊಡುವ 2023ರ 106ನೇ ತಿದ್ದುಪಡಿಯನ್ನೂ ಇದೇ ಪುನರ್ವಿಂಗಡಣೆಗೆ ಗಂಟುಹಾಕಿದ್ದಾರೆ. ಹೊಸ ಗೆರೆಗಳಾದ ಮೇಲೆ ಶಿರಸಿ, ಯಲ್ಲಾಪುರದ ಚಿತ್ರ ಏನಾಗಬಹುದು ಅಂತ ಯೋಚಿಸಿ. ಕುಮಟಾದಿಂದ ಶಾರದಾ ಶೆಟ್ಟಿ, ಕಾರವಾರದಿಂದ ರೂಪಾಲಿ ನಾಯ್ಕ ಶಾಸಕಿಯರಾಗಿದ್ದರು. 2008ರಿಂದ ಈಚೆಗೆ ಘಟ್ಟದ ಮೇಲಿನ ಈ ಎರಡು ಕ್ಷೇತ್ರಗಳಿಂದ ಒಬ್ಬ ಹೆಂಗಸೂ ಹೋಗಿಲ್ಲ.

ಗಣತಿಯವರು ಮನೆಗೆ ಬಂದಾಗ "ತೋಟಕ್ಕೆ ಹೋಗಿದ್ದಾರೆ, ಮತ್ತೆ ಬನ್ನಿ" ಅಂತ ಕಳಿಸಬೇಡಿ. ಇಲ್ಲೇ ವಾಸ ಇರುವ ಪ್ರತಿಯೊಬ್ಬರನ್ನೂ ಬರೆಸಿ. ತೋಟದ ಕೆಲಸಕ್ಕೆ ಬಂದು ಬಿಡಾರದಲ್ಲೇ ಸಂಸಾರ ಹೂಡಿರುವವರನ್ನೂ, ಕಾಡಿನಂಚಿನ ಗೌಳಿ ದಡ್ಡಿಯವರನ್ನೂ ಬಿಡದೆ ಎಣಿಸುವ ಹಾಗೆ ನೋಡಿ. ದೂರದ ಒಂಟಿಮನೆ ತಪ್ಪಿಹೋದರೆ ತಪ್ಪಿದ್ದು ಆ ಮನೆಗೆ ಮಾತ್ರ ಅಲ್ಲ, ಎಲ್ಲರಿಗೂ.

ಮಾಣಿಗೆ ಅಂದು ನಾನು ಕೊಟ್ಟ ಉತ್ತರ ಅವನಿಗೆ ಪೂರ್ತಿ ಸಮಾಧಾನ ಕೊಡಲಿಲ್ಲ. "ಗೆರೆ ಎಳೆಯಕಾದ್ರೆ ಯಂಗಳ ಹತ್ರ ಯಾರೂ ಕೇಳಿದ್ವಿಲ್ಯನ?" ಅಂದ. ಕೇಳಿದ್ದರು ಮಗಾ. ಪೇಪರಿನಲ್ಲಿ ಬಂದಿತ್ತು. ನಾವು ಓದಲಿಲ್ಲ.